ಕಾಲಿಗೆ ಹೊಕ್ಕ ಚಿಗಟಕ್ಕೆ ಸೂಜಿ ಹಾಕಬೇಡಿ

ಕೀನ್ಯಾದ ಕರಾವಳಿಯ ಕ್ವಾಲೆಯಲ್ಲಿ ತೆಂಗಿನ ಮರ, ಮಣ್ಣಿನ ಗೋಡೆ, ಮರಳಿನ ಅಂಗಳ ನೋಡಿದಾಗೆಲ್ಲ ನಮ್ಮ ಕುಂದಾಪುರವೇ ಕಣ್ಣಿಗೆ ಬರುತ್ತಿತ್ತು. ಆರು ವರ್ಷ ಅಲ್ಲಿ ನರ್ಸ್ ಆಗಿದ್ದೆ. ಹೋದ ಮೊದಲ ವಾರವೇ ಏಳು ವರ್ಷದ ಒಬ್ಬ ಹುಡುಗ ಬಂದ. ಬೆರಳುಗಳನ್ನು ಮೇಲೆತ್ತಿಕೊಂಡು, ಪಾದದ ಹೊರ ಅಂಚನ್ನಷ್ಟೇ ಊರಿ ನಡೆಯುತ್ತಿದ್ದ. ಕೂರಿಸಿ ಕಾಲು ತೊಳೆದೆ. ಹಿಮ್ಮಡಿಯ ಸುತ್ತ ನೆನೆದ ಸಾಬೂದಾನಿ ಅಂಟಿಸಿದ ಹಾಗೆ ಬಿಳಿ ಗುಳ್ಳೆಗಳು. ಒಂದೊಂದರ ನಡುವೆಯೂ ಒಂದು ಕಪ್ಪು ಚುಕ್ಕೆ. ಜೊತೆಗಿದ್ದ ಅಜ್ಜಿ ಮೆಲ್ಲಗೆ "ಫುಂಜಾ" ಎಂದರು. ಅವರ ಸೆರಗಿನ ತುದಿಗೆ ಒಂದು ಪಿನ್ನು ಚುಚ್ಚಿತ್ತು. ಮನೆಯ ಐದೂ ಮಕ್ಕಳ ಕಾಲಿಗೆ ಅದೇ ಪಿನ್ನು.

ಫುಂಜಾ ಎಂದರೆ ಮರಳು ಚಿಗಟ. ಒಂದು ಮಿಲಿಮೀಟರ್ ಉದ್ದ, ಅಷ್ಟೇ. ಹೆಣ್ಣು ಚಿಗಟ ಚರ್ಮದೊಳಗೆ ಹೊಕ್ಕು, ಬಾಲದ ತುದಿ ಮಾತ್ರ ಹೊರಗೆ ಬಿಟ್ಟುಕೊಂಡು ಕೂರುತ್ತದೆ. ಆ ಕಪ್ಪು ಚುಕ್ಕೆ ಅದೇ. ಅಲ್ಲಿಂದಲೇ ಉಸಿರು, ಅಲ್ಲಿಂದಲೇ ಮೊಟ್ಟೆ. ಒಳಗೆ ಬಟಾಣಿ ಕಾಳಿನಷ್ಟು ಊದಿಕೊಂಡು, ನೂರಕ್ಕೂ ಜಾಸ್ತಿ ಮೊಟ್ಟೆ ಉದುರಿಸಿ, ನಾಲ್ಕರಿಂದ ಆರು ವಾರದಲ್ಲಿ ಅಲ್ಲೇ ಸಾಯುತ್ತದೆ. ಹಾಗಾದರೆ ಸುಮ್ನೆ ಬಿಟ್ಟರಾಯಿತು ಅಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಅಷ್ಟರಲ್ಲಿ ಆ ಜಾಗ ಕೀವಾಗಿರುತ್ತದೆ, ಉಗುರು ಕಿತ್ತು ಬಂದಿರುತ್ತದೆ, ಉದುರಿದ ಮೊಟ್ಟೆಗಳಿಂದ ಹೊಸ ಚಿಗಟಗಳು ಎದ್ದಿರುತ್ತವೆ.

ಸೂಜಿ ಯಾಕೆ ಬೇಡ? ಚುಚ್ಚಿದಾಗ ಚಿಗಟ ಒಳಗೇ ಒಡೆದರೆ ಉರಿ, ಊತ ಇನ್ನೂ ಜಾಸ್ತಿ. ಗಾಯಕ್ಕೆ ಮಣ್ಣು ಸೇರಿದರೆ ಧನುರ್ವಾಯು ಬರಬಹುದು. ಒಂದೇ ಪಿನ್ನು ಕಾಲಿಂದ ಕಾಲಿಗೆ ಹೋದರೆ ರಕ್ತದ ಮೂಲಕ ಹೆಪಟೈಟಿಸ್ ಬಿ, ಎಚ್‌ಐವಿ ಕೂಡ ಹರಡಬಹುದು. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ಸುರಿದುಕೊಂಡವರನ್ನೂ ನೋಡಿದ್ದೇನೆ. ದಯವಿಟ್ಟು ಅದನ್ನಂತೂ ಮಾಡಬೇಡಿ.

ಹೀಗೆ ಮಾಡಿ. ಸೋಪು ಹಾಕಿ ಕಾಲು ತೊಳೆದು ಚೆನ್ನಾಗಿ ಒರೆಸಿ. ಹೇನಿಗೆ ಹಚ್ಚುವ, ತೆಳ್ಳಗಿನ ಡೈಮೆಥಿಕೋನ್ ಎಣ್ಣೆಯನ್ನು ಪ್ರತಿ ಕಪ್ಪು ಚುಕ್ಕೆಯ ಮೇಲೆ ತೊಟ್ಟು ತೊಟ್ಟಾಗಿ ಬಿಡಿ. ಹತ್ತು ನಿಮಿಷದೊಳಗೆ ಮೂರು ಸಲ ಬಿಡಬೇಕು. ಎಣ್ಣೆ ಆ ಸಣ್ಣ ತೂತಿನೊಳಗೆ ಹರಿದು ಚಿಗಟದ ಉಸಿರು ಕಟ್ಟಿಸುತ್ತದೆ. ಒಂದು ವಾರ ಬಿಟ್ಟು ನೋಡಿದರೆ ಗುಳ್ಳೆ ಒಣಗಿ ಕಪ್ಪಗಾಗಿರುತ್ತದೆ. ಆಮೇಲೆ ಸಿಪ್ಪೆ ತಾನಾಗಿಯೇ ಉದುರುತ್ತದೆ. ಈ ಎಣ್ಣೆ ಸಿಗದ ಊರಲ್ಲಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಂದೋ ಎರಡೋ ಇದ್ದರೆ ಅಲ್ಲಿ ಶುದ್ಧ ಮಾಡಿದ ಹೊಸ ಸೂಜಿಯಿಂದ ತೂತು ಅಗಲಿಸಿ, ಒಡೆಯದ ಹಾಗೆ ಇಡಿಯಾಗಿ ತೆಗೆಯುತ್ತಾರೆ. ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಅವರಿಗೆ ಹೇಳಿ.

ಬೇವಿನ ಬೀಜದ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚುವುದನ್ನೂ ಕೀನ್ಯಾದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ನೋವು, ಊತ ಇಳಿಯುತ್ತದೆ. ಬೇವಿಗೆ ಅಲ್ಲಿ ಮ್ವಾರೊಬೈನಿ ಅನ್ನುತ್ತಾರೆ, ನಲವತ್ತು ಕಾಯಿಲೆಗೆ ಮದ್ದು ಎಂದು. ಕೇಳಿದಾಗ ನನಗೆ ತವರಿನವರು ಸಿಕ್ಕಿದಷ್ಟು ಖುಷಿಯಾಗಿತ್ತು. ಆದರೆ ಚಿಗಟ ಸಾಯಿಸಲು ನಾನು ನೆಚ್ಚಿಕೊಳ್ಳುವುದು ಡೈಮೆಥಿಕೋನನ್ನೇ.

ಇಷ್ಟು ಮಾಡಿದರೂ ಹುಡುಗ ಮೂರು ವಾರಕ್ಕೆ ಮತ್ತೆ ಬಂದ. ಆಗ ಅವನ ಮನೆಗೆ ಹೋದೆ. ಮಕ್ಕಳ ಚಾಪೆ ಎತ್ತಿದರೆ ಕೆಳಗೆ ಹಿಟ್ಟಿನಂತೆ ನುಣುಪಾದ ಒಣ ಧೂಳು. ಉದುರಿದ ಮೊಟ್ಟೆ ಮೂರ್ನಾಲ್ಕು ದಿನದಲ್ಲಿ ಮರಿಯಾಗಿ, ಇಂಥ ಧೂಳಿನಲ್ಲೇ ಬೆಳೆದು, ಸುಮಾರು ಮೂರು ವಾರಕ್ಕೆ ಚಿಗಟವಾಗುತ್ತದೆ. ಕಾಲು ವಾಸಿ ಮಾಡಿ ಮಲಗುವ ನೆಲ ಬಿಟ್ಟರೆ ಅರ್ಧ ಕೆಲಸವೂ ಆದಂತಲ್ಲ. ಹಗಲು ಶೂ ಹಾಕಿ ರಾತ್ರಿ ಆ ಧೂಳಿನ ಮೇಲೆ ಮಲಗಿದರೆ ಏನು ಬಂತು?

ಸಿಮೆಂಟು ನೆಲವಾದರೆ ಬಲು ಒಳ್ಳೆಯದು. ದುಡ್ಡಿಲ್ಲದಿದ್ದರೆ ಜೇಡಿಮಣ್ಣು ಹಾಕಿ ದಿಮ್ಮಸು ಮಾಡಿ, ಬಿರುಕು ಬಿಡದ ಹಾಗೆ ಮೆತ್ತಿ. ಗುಡಿಸುವ ಮುಂಚೆ ನೀರು ಚಿಮುಕಿಸಿ. ಚಾಪೆ ದಿನಾ ಹೊರಗೆ ಕೊಡವಿ ಬಿಸಿಲಿಗೆ ಹಾಕಿ. ಹಂದಿ, ನಾಯಿ, ಬೆಕ್ಕಿನ ಪಾದಕ್ಕೂ ಇದು ಹೊಕ್ಕುತ್ತದೆ, ಇಲಿಗಳಿಗೂ. ಪ್ರಾಣಿಗಳು ಮಲಗುವ ಕೋಣೆಗೆ ಬರದಿರಲಿ. ಅವುಗಳ ಪಾದವನ್ನು ಪಶುವೈದ್ಯರಿಗೆ ತೋರಿಸಿ. ಮಳೆ ನಿಂತ ಒಣ ತಿಂಗಳುಗಳಲ್ಲಿ ಇದರ ಕಾಟ ಜಾಸ್ತಿ, ಆಗ ಎಚ್ಚರವೂ ಜಾಸ್ತಿ ಇರಲಿ.

ಹಾಗೆ ನೋಡಿದರೆ ಇದು ಆಫ್ರಿಕಾದ್ದೇ ಅಲ್ಲ, ದಕ್ಷಿಣ ಅಮೆರಿಕದ ಕಡೆಯದು. 1872ರಲ್ಲಿ ಬ್ರೆಜಿಲ್‌ನಿಂದ ಅಂಗೋಲಾಕ್ಕೆ ಬಂದ ಹಡಗೊಂದರ ತಳಕ್ಕೆ ಭಾರಕ್ಕೆಂದು ತುಂಬಿದ್ದ ಮರಳಿನಲ್ಲಿ ಬಂತು. ಆ ಶತಮಾನ ಮುಗಿಯುವಷ್ಟರಲ್ಲಿ ಖಂಡ ದಾಟಿ ಪೂರ್ವ ಕರಾವಳಿ ಮುಟ್ಟಿತ್ತು. ಕಾಯಿಲೆ ಬಂದವರನ್ನು ಕೊಳಕರು ಅನ್ನುವವರಿಗೆ ನಾನು ಈ ಕಥೆ ಹೇಳುತ್ತಿದ್ದೆ. ಒಂದು ಶಾಲೆಯಲ್ಲಿ ಇಂಥ ಮಕ್ಕಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದು ನೋಡಿ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಕೀನ್ಯಾ, ಉಗಾಂಡಾ, ಟಾಂಜಾನಿಯಾಕ್ಕೆ ಕೆಲಸಕ್ಕೆಂದು ಹೋಗುವ ನಮ್ಮವರು ಬಹಳ ಮಂದಿ ಇದ್ದಾರೆ. ಅಲ್ಲಿ ಹಳ್ಳಿಯ ಕಡೆ ಬರಿಗಾಲಲ್ಲಿ ಓಡಾಡಬೇಡಿ, ಚಪ್ಪಲಿ ಸಾಲದು, ಮುಚ್ಚಿದ ಶೂ ಬೇಕು. ದಿನಾ ಸಂಜೆ ಕಾಲು ತೊಳೆದು, ಉಗುರಿನ ಅಂಚು, ಬೆರಳ ಸಂದು, ಹಿಮ್ಮಡಿ ಬೆಳಕಿಗೆ ಹಿಡಿದು ನೋಡಿ. ಮಕ್ಕಳ ಕಾಲನ್ನು ನೀವೇ ನೋಡಿ. ಊರಿಗೆ ವಾಪಸ್ ಬಂದ ಮೇಲೆ ಕಾಲ್ಬೆರಳು ತುರಿಸಿ, ನಡುವೆ ಕಪ್ಪು ಚುಕ್ಕೆಯ ಗುಳ್ಳೆ ಕಂಡರೆ ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ನಮ್ಮಲ್ಲಿ ಇದು ಅಪರೂಪ, ಆಣಿ ಅಂತಲೋ ನಂಜು ಅಂತಲೋ ಅಂದುಕೊಂಡುಬಿಡಬಹುದು.