ಜಕ್ಕೂರಿನಲ್ಲಿ ಮತ್ತೆ ಮೊದಲಿಂದ

ಸಿಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಮೇಲೆ, ನಾನು ಕೊನೆಯ ಸಲ ವಿಮಾನ ಹಾರಿಸಿದ್ದು 2009ರಲ್ಲಿ. ಆಗ ನನ್ನ ಹತ್ತಿರ ಇದ್ದದ್ದು 2006ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್. ನನ್ನ ಕಂಪ್ಯೂಟರಿಗೆ ಅದು ಭಾರವಾಗಿತ್ತು. ಮೋಡ ಕವಿದರೆ ಸಾಕು, ಚಿತ್ರ ತಡೆತಡೆದು ಬರುತ್ತಿತ್ತು. ಇಳಿಯುವಾಗ ಕಣ್ಣಿಗೆ ಕಂಡದ್ದಕ್ಕೆ ಕೈ ಆ ಕ್ಷಣವೇ ಉತ್ತರ ಕೊಡಬೇಕು. ಅದೇ ಆಗದಿದ್ದರೆ ಹಾರುವುದು ಹೇಗೆ? ಮದುವೆ, ಕೆಲಸ, ಮಗು ಅಂತ ದಿನ ಕಳೆಯಿತು. ಜಾಯ್‌ಸ್ಟಿಕ್ ಅಟ್ಟ ಸೇರಿತು.

ಕಳೆದ ವರ್ಷ ಹೊಸ ಕಂಪ್ಯೂಟರ್ ಜೋಡಿಸಿಕೊಂಡೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಕೇಳಿದರು, "ಸಾರ್, ಗೇಮಿಂಗಿಗಾ, ಎಡಿಟಿಂಗಿಗಾ?"

"ವಿಮಾನ ಹಾರಿಸೋಕೆ" ಅಂದೆ.

ಇದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಬಹಳಷ್ಟು ಆಟಗಳಿಗೆ ಗ್ರಾಫಿಕ್ಸ್ ಕಾರ್ಡೇ ಜೀವಾಳ. ಸಿಮ್ಯುಲೇಟರಿನಲ್ಲಿ ಲೆಕ್ಕದ ದೊಡ್ಡ ಪಾಲು ಪ್ರೊಸೆಸರಿನ ಮೇಲೆ ಬೀಳುತ್ತದೆ. ಅದಕ್ಕೇ ದುಡ್ಡನ್ನು ಮೊದಲು ಪ್ರೊಸೆಸರಿಗೆ ಹಾಕಿದೆ. 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇರುವ ರೈಜನ್ 7 7800ಎಕ್ಸ್3ಡಿ ತೆಗೆದುಕೊಂಡೆ. ಜೊತೆಗೆ 32 ಜಿಬಿ ರ‍್ಯಾಮ್, 12 ಜಿಬಿ ಗ್ರಾಫಿಕ್ಸ್ ಕಾರ್ಡ್, ಒಂದು ವೇಗದ ಎಸ್‌ಎಸ್‌ಡಿ. ಸಿಮ್ಯುಲೇಟರ್ ಮೈಕ್ರೋಸಾಫ್ಟ್‌ನ 2024ರ ಆವೃತ್ತಿ. ಇದು ನೆಲದ ಚಿತ್ರವನ್ನು ಹಾರುತ್ತಾ ಹಾರುತ್ತಾ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಹಾಗಾಗಿ ವೈಫೈ ಬಿಟ್ಟು ರೂಟರಿನಿಂದ ನೇರ ಕೇಬಲ್ ಎಳೆದೆ.

ಮೊದಲ ದಿನವೇ ಎಲ್ಲ ಸೆಟ್ಟಿಂಗನ್ನೂ ಎಲ್ಲಕ್ಕಿಂತ ಮೇಲಿನ ಅಲ್ಟ್ರಾಗೆ ಏರಿಸಿ, ಏರ್‌ಬಸ್ ಎ320 ಹಿಡಿದು ಕೆಂಪೇಗೌಡ ನಿಲ್ದಾಣಕ್ಕೆ ಹೋದೆ. ಎರಡೂ ತಪ್ಪು. ಊರಿನ ಮೇಲೆ ಬಂದಾಗ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಒಮ್ಮೆ 60, ಒಮ್ಮೆ 25. ಆಮೇಲೆ ಒಂದೊಂದಾಗಿ ಇಳಿಸಿದೆ. ಜಾಸ್ತಿ ಫಲ ಕೊಟ್ಟದ್ದು ದೂರದ ನೆಲ, ಕಟ್ಟಡಗಳ ವಿವರ ಕಡಿಮೆ ಮಾಡಿದ್ದು, ರಸ್ತೆ ಮತ್ತು ನಿಲ್ದಾಣದ ಟ್ರಾಫಿಕ್ ತಗ್ಗಿಸಿದ್ದು. ಇವೆಲ್ಲ ಪ್ರೊಸೆಸರಿನ ಹೊರೆ. ಮೋಡದ ಹೊರೆ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನದು, ಅದನ್ನು ಮುಟ್ಟಲಿಲ್ಲ. ಕೊನೆಗೆ ಫ್ರೇಮ್ ರೇಟನ್ನು 40ಕ್ಕೆ ಕಟ್ಟಿಹಾಕಿದೆ. ಏರಿಳಿಯುವ 60ಕ್ಕಿಂತ ಕದಲದ 40 ಎಷ್ಟೋ ಮೇಲು.

ಅಟ್ಟದ ಜಾಯ್‌ಸ್ಟಿಕ್ ಕೆಲಸಕ್ಕೆ ಬರಲಿಲ್ಲ. ಒಳಗೆ ಸವೆದು, ಕೈ ಬಿಟ್ಟರೂ ವಿಮಾನ ಎಡಕ್ಕೆ ವಾಲುತ್ತಿತ್ತು. ಅಯಸ್ಕಾಂತದ ಸೆನ್ಸರ್ ಇರುವ ಹೊಸದನ್ನು ತಂದೆ. ಆ ಸೆನ್ಸರಿನಲ್ಲಿ ಉಜ್ಜಿ ಸವೆಯುವ ಭಾಗ ಇಲ್ಲ.

ನಂತರ ಏರ್‌ಬಸ್ ಬದಿಗಿಟ್ಟು, ಸೆಸ್ನಾ 172 ಹಿಡಿದು ಜಕ್ಕೂರಿಗೆ ಹೋದೆ. ಹೆಬ್ಬಾಳದಿಂದಾಚೆ ದಿನಾ ಕಾಣುತ್ತಿದ್ದ ಆ ತರಬೇತಿ ಶಾಲೆಯ ಪುಟ್ಟ ರನ್‌ವೇ ಮೇಲೆ ಮೊದಲಿಂದ ಪಾಠ. ಏರುವುದು, ಚೌಕ ಸುತ್ತುವುದು, ಇಳಿಯುವುದು. ಮತ್ತೆ ಏರುವುದು. ಮೂರು ವಾರ ಇಷ್ಟೇ ಮಾಡಿದೆ.

ಇಲ್ಲಿ ಗಮನಿಸಬೇಕಾದ್ದು ಎತ್ತರ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ನೆಲದಿಂದ 1000 ಅಡಿಯಲ್ಲಿ ಸುತ್ತಬೇಕೆಂದರೆ ಆಲ್ಟಿಮೀಟರ್ 4000 ತೋರಿಸಬೇಕು. ಹವಾಮಾನವನ್ನು ಏಪ್ರಿಲ್ ಮಧ್ಯಾಹ್ನದ 33 ಡಿಗ್ರಿಗೆ ಇಟ್ಟು ನೋಡಿ. ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೂ ರೆಕ್ಕೆಗೂ 6000 ಅಡಿ ಮೇಲಿದ್ದಂತೆ ಆಗುತ್ತದೆ. 55 ನಾಟ್ (ಗಂಟೆಗೆ ಸುಮಾರು 100 ಕಿ.ಮೀ.) ಮುಟ್ಟಿ ಮೂತಿ ಎತ್ತುವ ಹೊತ್ತಿಗೆ ರನ್‌ವೇ ಬಹಳಷ್ಟು ಮುಗಿದಿರುತ್ತದೆ. ತೆಳು ಗಾಳಿಗೆ ತಕ್ಕಂತೆ ಇಂಧನ ತಗ್ಗಿಸಿ ಮಿಶ್ರಣವನ್ನು ತೆಳು ಮಾಡಿಕೊಳ್ಳದಿದ್ದರೆ ಇನ್ನೂ ಕಷ್ಟ. ಅದನ್ನು ನನ್ನ ಕೈಯಿಂದಲೇ ಕಲಿಯಲೆಂದು, ತಾನಾಗಿ ಮಿಶ್ರಣ ನೋಡಿಕೊಳ್ಳುವ ಸೌಲಭ್ಯವನ್ನು ಆಫ್ ಮಾಡಿದೆ. ಇದೆಲ್ಲ 2009ರಲ್ಲಿ ನನಗೆ ಗೊತ್ತೇ ಇರಲಿಲ್ಲ.

ಎರಡನೆಯದು ಟ್ರಿಮ್, ಅಂದರೆ ಕೈ ಹಿಡಿಯದೆಯೂ ಮೂತಿಯನ್ನು ಇಟ್ಟ ಕಡೆಯೇ ನಿಲ್ಲಿಸುವ ಚಕ್ರ. ಜಾಯ್‌ಸ್ಟಿಕ್ ಹಿಡಿದು ಜಗ್ಗುತ್ತಾ ಕೂತರೆ ಕೈ ಸೋಲುತ್ತದೆ, ವೇಗವೂ ನಿಲ್ಲುವುದಿಲ್ಲ. ಮೂತಿಯನ್ನು ಬೇಕಾದ ಕಡೆ ನಿಲ್ಲಿಸಿ, ಕೈಗೆ ಭಾರ ಹೋಗುವವರೆಗೆ ಟ್ರಿಮ್ ತಿರುಗಿಸಬೇಕು. ಇದು ಕೈಗೆ ಹತ್ತಿದ ದಿನ ಇಳಿಯುವಾಗ 65 ನಾಟ್ ತಾನಾಗಿ ನಿಂತಿತು. ನಿಮಿಷಕ್ಕೆ ಎಷ್ಟು ಅಡಿ ಕೆಳಗಿಳಿಯಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿ. 70 ನಾಟ್ ಇದ್ದರೆ ನಿಮಿಷಕ್ಕೆ 350 ಅಡಿ, ಸುಮಾರು 3 ಡಿಗ್ರಿ ಇಳಿಜಾರು.

ಇಷ್ಟಾದ ಮೇಲೆ ಮಂಗಳೂರಿಗೆ ಹೊರಟೆ. ಬಜ್ಪೆಯ ರನ್‌ವೇ ಗುಡ್ಡದ ತುದಿಯನ್ನು ಸಮ ಮಾಡಿ ಕಟ್ಟಿದ್ದು. ಎರಡೂ ಕೊನೆಯಲ್ಲಿ ನೆಲ ಕೆಳಗಿಳಿಯುತ್ತದೆ. 2010ರ ಮೇ 22ರಂದು ಅಲ್ಲಿ ನಡೆದ ವಿಮಾನ ಅಪಘಾತದಲ್ಲಿ 158 ಜನ ತೀರಿಕೊಂಡರು. ಇಳಿಯುವ ಹಾದಿ ಸರಿ ಇಲ್ಲದಿದ್ದರೂ ಬಿಡದೆ ಮುಂದುವರಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಅದನ್ನು ಓದಿದ ಮೇಲೆ ನಾನೊಂದು ನಿಯಮ ಇಟ್ಟುಕೊಂಡೆ. ನೆಲದಿಂದ 500 ಅಡಿಯಲ್ಲಿ ವೇಗ, ದಿಕ್ಕು, ಇಳಿಜಾರು ಮೂರೂ ಸರಿ ಇರಬೇಕು. ಒಂದು ತಪ್ಪಿದರೂ ಥ್ರಾಟಲ್ ಪೂರ್ತಿ ಕೊಟ್ಟು ಮತ್ತೆ ಮೇಲೆ.

ಪೂರ್ವದ ಕಡೆಯಿಂದ ರನ್‌ವೇ 24ಕ್ಕೆ (ದಿಕ್ಕು ಸುಮಾರು 240 ಡಿಗ್ರಿ) ಬಂದೆ. ಮೊದಲ ಸಲ ಎತ್ತರ ಜಾಸ್ತಿ, ಮೇಲೇರಿದೆ. ಎರಡನೇ ಸಲ ಅಡ್ಡಗಾಳಿಗೆ ಸಾಲು ತಪ್ಪಿತು, ಮೇಲೇರಿದೆ. ಮೂರನೇ ಸಲ ರನ್‌ವೇ ಪಕ್ಕದ ದೀಪಗಳು ಎರಡು ಬಿಳಿ, ಎರಡು ಕೆಂಪು ಕಂಡವು, ಅಂದರೆ ಇಳಿಜಾರು ಸರಿ ಇದೆ. 500 ಅಡಿಯಲ್ಲಿ 65 ನಾಟ್. ಥ್ರಾಟಲ್ ಮೆಲ್ಲಗೆ ಹಿಂದೆಳೆದೆ. ಗಾಲಿ ರನ್‌ವೇ ಮೊದಲ ಭಾಗದಲ್ಲೇ ಊರಿತು.