ಮಗುವಿನ ಆತಂಕಕ್ಕೆ ಇಡೀ ಮನೆ ದುಡಿಯುತ್ತಿದ್ದರೆ

ಮಗುವಿಗೆ ಆತಂಕವೋ ಖಿನ್ನತೆಯೋ ಗೀಳೋ ಇದೆ ಎಂದು ಗೊತ್ತಾಗುವ ಹೊತ್ತಿಗೆ ಎಷ್ಟೋ ಮನೆಗಳ ದಿನಚರಿಯೇ ಬದಲಾಗಿರುತ್ತದೆ. ಒಬ್ಬರು ಮಗುವಿನ ಪಕ್ಕದಲ್ಲೇ ಮಲಗುತ್ತಾರೆ, ಇನ್ನೊಬ್ಬರು ಬಾಗಿಲ ಚಿಲಕವನ್ನು ಐದು ಸಲ ನೋಡಿ ಬಂದು 'ಹಾಕಿದೆ' ಎಂದು ವರದಿ ಒಪ್ಪಿಸುತ್ತಾರೆ, ಹೊರಗೆ ಹೋಗುವುದು ನಿಂತೇ ಹೋಗಿರುತ್ತದೆ. ಹೆತ್ತವರನ್ನು ಹಣ್ಣು ಮಾಡುವುದು ಹೆಚ್ಚಾಗಿ ಈ ದುಡಿಮೆಯೇ. ಇದರಲ್ಲಿ ಮಗುವಿಗೆ ನಿಜಕ್ಕೂ ಬೇಕಾದದ್ದು ಎಷ್ಟು, ಆತಂಕಕ್ಕೆ ಮೇವು ಹಾಕುತ್ತಿರುವುದು ಎಷ್ಟು ಎಂದು ಬೇರ್ಪಡಿಸಬೇಕು.

ಅದಕ್ಕೆ ಮೊದಲು ಒಂದು ನೋಟ್‌ಬುಕ್ ಇಡಿ. ಎರಡು ವಾರ, ದಿನಕ್ಕೆ ಐದು ನಿಮಿಷ ಸಾಕು. ಮಲಗಿದ್ದು, ಎದ್ದದ್ದು ಎಷ್ಟು ಗಂಟೆಗೆ, ಊಟ ಹೇಗಿತ್ತು, ಅಳುವೋ ರಂಪವೋ ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಎಷ್ಟು ನಿಮಿಷ ಇತ್ತು, ಆಗ ನೀವೇನು ಮಾಡಿದಿರಿ. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಉಪಯೋಗಕ್ಕೆ ಬರುವುದು ಅದೇ. 'ತುಂಬಾ ಹಟ ಮಾಡಿದ' ಎಂಬುದರಿಂದ ಡಾಕ್ಟರಿಗೆ ಏನೂ ತಿಳಿಯದು. '7ಕ್ಕೆ ಹೊಟ್ಟೆನೋವು ಎಂದ, ಶಾಲೆ ಬೇಡ ಎಂದೆವು, 8ಕ್ಕೆ ಸರಿಹೋದ' ಎಂದಿದ್ದರೆ ಅರ್ಧ ಕಥೆ ಅಲ್ಲೇ ಇದೆ. ಹಾಗೆಂದು ಹೊಟ್ಟೆನೋವನ್ನು ನಾಟಕ ಎನ್ನಬೇಡಿ. ಆತಂಕದಲ್ಲಿ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಮಕ್ಕಳ ಖಿನ್ನತೆಯೂ ಎಷ್ಟೋ ಸಲ ಅಳುವಿಗಿಂತ ಸಿಡುಕಾಗಿ ಕಾಣುತ್ತದೆ. ನಿದ್ದೆ, ಊಟ, ಓದು, ಗೆಳೆತನ ಇವುಗಳಲ್ಲಿ ಆದ ಬದಲಾವಣೆ ಎರಡು ವಾರ ದಾಟಿದರೆ ತೋರಿಸುವುದೇ ಸರಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವಂಥ ಗೊರಕೆ ಇವೂ ಮಂಕುತನ, ಗಮನದ ಕೊರತೆ ತರಬಹುದು. ಆದ್ದರಿಂದ ದೇಹದ ತಪಾಸಣೆ ಬಿಟ್ಟುಹೋಗಬಾರದು.

ಈಗ ದುಡಿಮೆ ಇಳಿಸುವ ವಿಚಾರ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ 'ಸ್ಪೇಸ್' ಎಂಬ ಕ್ರಮದಲ್ಲಿ ಚಿಕಿತ್ಸಕರ ಬಳಿ ಹೋಗುವವರು ಹೆತ್ತವರು ಮಾತ್ರ. ಆತಂಕವಿರುವ 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಫಲ, ಮಗುವಿಗೇ ನೇರವಾಗಿ ಕೊಡುವ ಸಿಬಿಟಿಗೆ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಸಾಟಿಯಾಗಿತ್ತು. 'ಮಗು ಕೌನ್ಸೆಲಿಂಗಿಗೆ ಬರಲೊಲ್ಲದು, ಇನ್ನೇನು ಮಾಡುವುದು' ಎಂದು ಕೈಚೆಲ್ಲಿದವರು ಇದನ್ನು ಗಮನಿಸಬೇಕು. ಅದರ ತಿರುಳು ಹೀಗಿದೆ.

1. ಆತಂಕದ ಸಲುವಾಗಿ ಮನೆಯವರು ಮಾಡುತ್ತಿರುವುದನ್ನೆಲ್ಲ ಪಟ್ಟಿ ಮಾಡಿ.

2. ಅದರಲ್ಲಿ ಒಂದನ್ನು, ಒಂದನ್ನೇ, ಆರಿಸಿ. ಅದು ಹೆಚ್ಚುಕಡಿಮೆ ದಿನವೂ ನಡೆಯುವಂಥದ್ದಾಗಿರಲಿ, ಬದಲಿಸುವುದು ನಿಮ್ಮ ಕೈಯಲ್ಲೇ ಇರಲಿ. 'ಅವಳು ಒಬ್ಬಳೇ ಮಲಗಬೇಕು' ಎಂಬುದು ಅವಳ ಕೈಯಲ್ಲಿದೆ. 'ನಾನು ಅವಳ ಹಾಸಿಗೆಯಲ್ಲಿ ಮಲಗುವುದಿಲ್ಲ' ಎಂಬುದು ನಿಮ್ಮದು.

3. ಮಗು ಶಾಂತವಾಗಿರುವಾಗ ಮುಂಚಿತವಾಗಿ ತಿಳಿಸಿ. "ಕತ್ತಲಲ್ಲಿ ನಿಂಗೆ ನಿಜವಾಗ್ಲೂ ಭಯ ಆಗತ್ತೆ, ನಂಗೊತ್ತು. ಆ ಭಯ ತಡ್ಕೊಳ್ಳೋ ಶಕ್ತಿನೂ ನಿಂಗಿದೆ. ಸೋಮವಾರದಿಂದ ನಾನು ಹಾಸಿಗೆ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ." ಭಯವನ್ನು ಒಪ್ಪುವ ಮಾತು, ಮಗುವಿನ ಮೇಲಿನ ಭರವಸೆ, ಎರಡೂ ಇರಬೇಕು. ಮೊದಲನೆಯದಷ್ಟೇ ಇದ್ದರೆ ಮರುಕ, ಎರಡನೆಯದಷ್ಟೇ ಇದ್ದರೆ ಗದರಿಕೆ.

4. ನಾಲ್ಕೈದು ರಾತ್ರಿ ಕುರ್ಚಿ ಹಾಸಿಗೆಯ ಪಕ್ಕ, ಆಮೇಲೆ ಬಾಗಿಲ ಬಳಿ, ಆಮೇಲೆ ಹೊರಗಿದ್ದು ಹತ್ತು ನಿಮಿಷಕ್ಕೊಮ್ಮೆ ಇಣುಕುವುದು.

ಇದು ಕೆಡುವುದು ಮೊದಲ ವಾರದಲ್ಲಿ. ಅಳು ಮೊದಲಿಗಿಂತ ಜೋರಾಗುತ್ತದೆ, ಮೂರನೇ ರಾತ್ರಿ ಯಾರೋ ಒಬ್ಬರು ಕರಗುತ್ತಾರೆ. ಆಗ ಮಗು ಕಲಿಯುವುದು 'ಇನ್ನೂ ಜೋರಾಗಿ ಅತ್ತರೆ ಬರುತ್ತಾರೆ' ಎಂಬುದನ್ನು. ಹಿರಿಯರೂ ಸೇರಿ ಮನೆಯವರೆಲ್ಲ ಒಪ್ಪುವ ತನಕ ಶುರು ಮಾಡಲೇಬೇಡಿ; ಒಬ್ಬರು ಕುರ್ಚಿಯಲ್ಲಿ ಕೂತಾಗ ಇನ್ನೊಬ್ಬರು ಹಿಂದಿನಿಂದ ಹೋಗಿ ಅಪ್ಪಿಕೊಂಡರೆ ಎಲ್ಲವೂ ನೀರಿನಲ್ಲಿ ಹೋಮ. ಹೆಜ್ಜೆ ದೊಡ್ಡದಾಯಿತು ಅನಿಸಿದರೆ ಅದನ್ನು ಅರ್ಧಕ್ಕೆ ಇಳಿಸಿ, ಶುರುವಿಗೇ ಮರಳಬೇಡಿ. ಕೇಳಿದ್ದನ್ನೇ ಕೇಳುವ ಮಗುವಿಗೆ ಒಂದು ಸಲ ಉತ್ತರ ಕೊಡಿ. ಮುಂದಿನ ಸಲ "ಇದಕ್ಕೆ ಆಗ್ಲೇ ಹೇಳಿದೀನಿ, ಈಗ ಕೇಳ್ತಿರೋದು ಆತಂಕ" ಎಂದಷ್ಟೇ ಹೇಳಿ ಸುಮ್ಮನಾಗಿ.

ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ. ಆಟಿಸಂ ಇರುವ ಮಗು ಗದ್ದಲ ತಾಳಲಾರದೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡರೆ ಅದು ಕನ್ನಡಕದ ಹಾಗೆ ಬೇಕಾದ ನೆರವು, ಕಸಿಯಬಾರದು. ಸಾಯುವ ಮಾತಾಡುವ, ಊಟವನ್ನೇ ಬಿಟ್ಟ, ಇಲ್ಲದ ದನಿ ಕೇಳಿಸುತ್ತದೆ ಎನ್ನುವ ಮಗುವಿನ ಮೇಲೆ ಮನೆಯಲ್ಲೇ ಪ್ರಯೋಗ ಬೇಡ, ಮನೋವೈದ್ಯರೇ ನೋಡಬೇಕು.

ರಂಪದ ನಡುವೆ ಬುದ್ಧಿಮಾತು ಕಿವಿಗೆ ಇಳಿಯುವುದಿಲ್ಲ. ದನಿ ತಗ್ಗಿಸಿ, ನಾಲ್ಕು ಪದಕ್ಕಿಂತ ಹೆಚ್ಚು ಬೇಡ, ಒಡೆಯುವ ವಸ್ತು ಸರಿಸಿ, ಒಂದಿಷ್ಟು ದೂರದಲ್ಲಿ ಕೂತಿರಿ. ಮಾತುಕತೆ ಮರುದಿನಕ್ಕೆ.

ಔಷಧದ ಲೆಕ್ಕ ಗೊತ್ತಿಲ್ಲದೆ ನಡುವೆ ಕೈಬಿಡುವವರು ಬಹಳ. ಆತಂಕ, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳ ಗುಣ ಗೊತ್ತಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ವಾಕರಿಕೆ ತಲೆನೋವುಗಳು ಮಾತ್ರ ಮೊದಲ ವಾರದಲ್ಲೇ ಬಂದುಬಿಡುತ್ತವೆ. ಶುರು ಮಾಡಿದಾಗ ಮತ್ತು ಡೋಸ್ ಬದಲಿಸಿದಾಗ ಕೆಲವು ವಾರ ಚಡಪಡಿಕೆ, ಸಾವಿನ ಮಾತು ಹೆಚ್ಚಿತೇ ಎಂದು ನೋಡುತ್ತಿರಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿದೆ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಬರಬಹುದು. ಬಿಡುವುದಾದರೂ ಡಾಕ್ಟರು ಹೇಳಿದಂತೆ ಹಂತಹಂತವಾಗಿಯೇ ಬಿಡಬೇಕು. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಕೊಡುವ ಮೀಥೈಲ್‌ಫೆನಿಡೇಟ್ ಬೇರೆಯೇ ಬಗೆಯದು. ಗಂಟೆಯೊಳಗೆ ಕೆಲಸ ಶುರು, ಸಾದಾ ಮಾತ್ರೆಯಾದರೆ ಸುಮಾರು 4 ಗಂಟೆಗೆ ಮುಗಿಯಿತು. ಹಸಿವು ಕುಗ್ಗುವುದರಿಂದ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸಿ, ತೂಕ, ಎತ್ತರ ಬರೆದಿಡಿ.

ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಎಷ್ಟೋ ಮಕ್ಕಳಿಗೆ ಹೇಳಿಕೊಳ್ಳಲು ಅದೇ ದಾರಿಯಾಗುತ್ತದೆ. ಹೌದು ಎಂದರೆ ಗಾಬರಿ ತೋರಿಸದೆ, ಹೇಗೆ ಎಂದು ಯೋಚಿಸಿದ್ದಾರೆಯೇ ಎಂದೂ ಕೇಳಿ. ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯ ಎಲ್ಲ ಮಾತ್ರೆ, ಕೀಟನಾಶಕ, ಹರಿತವಾದ ವಸ್ತುಗಳಿಗೆ ಬೀಗ ಬೀಳಲಿ, ಕೀಲಿ ನಿಮ್ಮ ಮೈಮೇಲಿರಲಿ. ಆ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಇನ್ನು ನಿಮ್ಮ ವಿಚಾರ. 'ನಿಮ್ಮ ಬಗ್ಗೆಯೂ ಕಾಳಜಿ ಇರಲಿ' ಎಂಬ ಬರೀ ಉಪದೇಶದಿಂದ ಯಾರ ನಿದ್ದೆಯೂ ಹೆಚ್ಚಲಿಲ್ಲ. ರಾತ್ರಿ ಪಾಳಿ ಹಂಚಿಕೊಳ್ಳಿ: ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ, ಕೂಗು ಕೇಳಿದರೂ ಏಳದಿರಲಿ. ಒಬ್ಬರೇ ಸಾಕುತ್ತಿದ್ದರೆ ವಾರಕ್ಕೊಂದು ರಾತ್ರಿಯಾದರೂ ಬಂದು ಮಲಗುವವರನ್ನು ಹುಡುಕಿ. 'ಏನಾದ್ರೂ ಬೇಕಾದ್ರೆ ಹೇಳಿ' ಎಂದವರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನಿದ್ದೆಗೆಟ್ಟವರ ಬಾಯಲ್ಲಿ ಕೊಂಕು ಹೆಚ್ಚು, ಮನೆಯವರ ನಿರಂತರ ಟೀಕೆ ಮಾನಸಿಕ ಕಾಯಿಲೆ ಮರುಕಳಿಸಲು ಒಂದು ಕಾರಣ ಎಂದು ಅಧ್ಯಯನಗಳು ತೋರಿಸಿವೆ. ನಿಮಗೇ ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲವಾದರೆ ಅದಕ್ಕೂ ಡಾಕ್ಟರನ್ನು ಕಾಣಿ. ಇನ್ನೊಂದು ಮಗುವಿದ್ದರೆ ದಿನಕ್ಕೆ ಹದಿನೈದು ನಿಮಿಷ ಅದಕ್ಕಷ್ಟೇ ಇರಲಿ, ಆ ಹೊತ್ತಿನಲ್ಲಿ ಕಾಯಿಲೆಯ ಮಾತು ಬೇಡ.

ಶಾಲೆಯಲ್ಲಿ ಒಬ್ಬ ಶಿಕ್ಷಕರನ್ನು ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ ಮಾತಾಡಿ. 'ಸ್ವಲ್ಪ ನೋಡಿಕೊಳ್ಳಿ' ಎನ್ನುವುದಕ್ಕಿಂತ, ಭಯವಾದಾಗ ತರಗತಿಯಿಂದ ಎದ್ದುಹೋಗಿ ಹತ್ತು ನಿಮಿಷ ಕೂರಲು ಒಂದು ಜಾಗ ಕೇಳಿ. ಬಹಳ ದಿನ ಬಿಟ್ಟ ಮಗುವಾದರೆ ಮೊದಲ ವಾರ ಎರಡೇ ಪೀರಿಯಡ್ ಸಾಕು.

ಮಗು ಚೇತರಿಸಿಕೊಂಡ ಮೇಲೆ ಆ ನೋಟ್‌ಬುಕ್ ತೆಗೆದು, ಕಾಯಿಲೆ ಶುರುವಾಗುವ ಮುಂಚಿನ ಸೂಚನೆಗಳನ್ನು ಮಗುವಿನ ಜೊತೆಯೇ ಕೂತು ಒಂದು ಹಾಳೆಗೆ ಇಳಿಸಿ: ಸ್ನಾನ ಬಿಡುವುದು, ಗೆಳೆಯರ ಫೋನಿಗೆ ಉತ್ತರಿಸದಿರುವುದು, ನಡುರಾತ್ರಿ ಎಚ್ಚರವಾಗುವುದು. ಇವುಗಳಲ್ಲಿ ಎರಡು ಒಟ್ಟಿಗೆ ಒಂದು ವಾರ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಕೆಳಗೆ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿ.