ಸೂಜಿ ಇಲ್ಲದ ಸಿರಿಂಜ್ ಮತ್ತು ಕಾರಿನ ಗ್ಲಾಸು

ನಾನು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತೇನೆ. ಮನೆ ದೊಡ್ಡಬಳ್ಳಾಪುರದಲ್ಲಿ. ಟ್ರಿಪ್‌ಗಳು ಜಾಸ್ತಿ ಸಿಗುವುದು ರಾತ್ರಿ ಎರಡರಿಂದ ಬೆಳಗ್ಗೆ ಆರರ ಒಳಗೆ. ಹಗಲು ಓಡಿಸುವವರಿಗೆ ಗ್ಲಾಸಿನ ಮೇಲಿನ ಗೀಟು ಅಷ್ಟಾಗಿ ಕಾಣಿಸುವುದಿಲ್ಲ. ರಾತ್ರಿ ಎದುರಿಗೆ ಒಂದು ಲಾರಿ ಹೈಬೀಮ್ ಹಾಕಿಕೊಂಡು ಬಂದಾಗ ಗೊತ್ತಾಗುತ್ತದೆ. ಒರೆಸಿದ ಕೈ ಹೇಗೆ ಹೇಗೆ ಓಡಾಡಿತ್ತೋ ಹಾಗೇ ಗೆರೆಗಳು ಹೊಳೆಯುತ್ತವೆ. ಎರಡು ಕ್ಷಣ ರಸ್ತೆಯೇ ಮಾಯ.

ಮೊದಲು ಗ್ಲಾಸ್ ಕ್ಲೀನರಿನ ಅರ್ಧ ಲೀಟರಿನ ರೆಡಿ ಬಾಟಲಿ ತರುತ್ತಿದ್ದೆ. ದಿನಾ ಒರೆಸುವವನಿಗೆ ಅದು ಎಲ್ಲಿ ಸಾಲುತ್ತದೆ? ಹೋದ ವರ್ಷ 5 ಲೀಟರಿನ ಕಾನ್ಸಂಟ್ರೇಟ್ ಕ್ಯಾನ್ ತಂದೆ. ಅಂಗಡಿಯವರು "ಸ್ವಲ್ಪ ನೀರು ಬೆರೆಸ್ಕೊಳ್ಳಿ ಸಾರ್" ಅಂದರು. ನಾನು ಕಾಲು ಬಾಟಲಿ ಆ ಕ್ಯಾನಿನ ಔಷಧಿ, ಮುಕ್ಕಾಲು ಬಾಟಲಿ ಬೋರ್ ನೀರು ಬೆರೆಸಿದೆ. ಗಟ್ಟಿಯಾಗಿದ್ದರೆ ಚೆನ್ನಾಗಿ ಕ್ಲೀನ್ ಆಗುತ್ತದೆ ಅನ್ನೋ ಲೆಕ್ಕ. ಒರೆಸಿದಷ್ಟೂ ಮಂಜು ಮಂಜು. ಇನ್ನೂ ಒಂದು ಸಲ ಸ್ಪ್ರೇ ಹೊಡೆದೆ, ಇನ್ನೂ ಹಾಳಾಯಿತು. ಬಟ್ಟೆ ಸರಿ ಇಲ್ಲ ಅಂತ ಬಟ್ಟೆ ಬದಲಾಯಿಸಿದೆ. ಮಾಲು ಡೂಪ್ಲಿಕೇಟ್ ಅಂತ ಅಂಗಡಿಯವರಿಗೂ ಮನಸ್ಸಲ್ಲೇ ಬೈದೆ.

ಒಂದು ಭಾನುವಾರ ಕೂತು ಕ್ಯಾನಿನ ಚೀಟಿ ಓದಿದೆ. ಜಾಸ್ತಿ ಕೊಳೆಗೆ 1:10, ದಿನಾ ಒರೆಸಲು 1:40 ಅಂತ ಇತ್ತು. ನಾನು ಬೆರೆಸಿದ್ದು 1:3! ಯೋಚಿಸಿದರೆ ಸರಳ. ಸ್ಪ್ರೇ ಹೊಡೆದಾಗ ನೀರು ಆರಿಹೋಗುತ್ತದೆ, ಅದರಲ್ಲಿರುವ ಸೋಪಿನ ಅಂಶ ಆರುವುದಿಲ್ಲ. ಬಟ್ಟೆ ಎತ್ತಿಕೊಳ್ಳಲಾರದಷ್ಟು ಸೋಪಿದ್ದರೆ ಅದು ಗ್ಲಾಸಿನ ಮೇಲೇ ಉಳಿಯುತ್ತದೆ. ನಾನು ಗೀಟು ಅಂತ ಒರೆಸುತ್ತಿದ್ದದ್ದು ನಾನೇ ಹಚ್ಚಿದ ಸೋಪನ್ನು.

ಅಳೆಯಲು ಮೆಡಿಕಲ್ ಶಾಪಿನಿಂದ 20 ಮಿಲಿ ಸಿರಿಂಜ್ ತಂದೆ, ಸೂಜಿ ಬೇಡ ಅಂದೆ. ಇಲ್ಲಿ ಒಂದು ಲೆಕ್ಕ ತಪ್ಪಬಾರದು. 1:10 ಅಂದರೆ ಒಂದು ಪಾಲು ಔಷಧಿ, ಹತ್ತು ಪಾಲು ನೀರು, ಒಟ್ಟು ಹನ್ನೊಂದು ಪಾಲು. ಹಾಗಾಗಿ 500 ಮಿಲಿ ಬಾಟಲಿಗೆ 45 ಮಿಲಿ ಬರುತ್ತದೆ. 1:20ಕ್ಕೆ 24 ಮಿಲಿ. 1:40ಕ್ಕೆ ಬರೀ 12 ಮಿಲಿ. ಮೂರು ಬಾಟಲಿ ಬೆರೆಸಿ, ಹಿಂದಿನ ಗ್ಲಾಸನ್ನು ಟೇಪಿನಿಂದ ಮೂರು ಭಾಗ ಮಾಡಿ ಒರೆಸಿದೆ. ಮನೆಯವಳು ಬಾಗಿಲಲ್ಲಿ ನಿಂತು ನಕ್ಕಳು. ಸಂಜೆ ಟಾರ್ಚ್ ಬಿಟ್ಟು ನೋಡಿದರೆ 1:40ರ ಭಾಗದಲ್ಲಿ ಗೆರೆ ತುಂಬಾ ಕಡಿಮೆ. ಆದರೆ ಅಲ್ಲೂ ಸಣ್ಣ ಬಿಳಿ ಚುಕ್ಕೆಗಳು.

ಅದು ನೀರಿನ ಕಥೆ. ನಮ್ಮ ಬೋರ್ ನೀರು ಹೇಗೆ ಅಂದರೆ, ಬಿಸಿನೀರಿನ ಪಾತ್ರೆ ತಳದಲ್ಲಿ ಸುಣ್ಣ ಕಟ್ಟುತ್ತದೆ. ಪಕ್ಕದ ಮನೆಯವರ ಹತ್ತಿರ, ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಇತ್ತು. ಬೋರ್ ನೀರು 840 ತೋರಿಸಿತು. ನಮ್ಮ ಬೀದಿಯ ಶುದ್ಧ ನೀರಿನ ಘಟಕದ ನೀರು, ಅದೇ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವಲ್ಲ, ಅದು 60. ಬೋರ್ ನೀರು ಆರಿದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಗ್ಲಾಸಿನ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಎಷ್ಟೇ ಒಳ್ಳೆ ಮಾಲು ಹಾಕಿದರೂ ಇದು ತಪ್ಪುವುದಿಲ್ಲ. ಘಟಕದ ನೀರಿಗೆ ಬದಲಾಯಿಸಿದ ಮೇಲೆ ಚುಕ್ಕೆ ಬೀಳುವುದು ನಿಂತಿತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇನ್ನೂ ಒಳ್ಳೆಯದು, ಆದರೆ ಟ್ಯಾಕ್ಸಿಯವನಿಗೆ ಅಷ್ಟು ಐಷಾರಾಮ ಬೇಡ.

ಬೆರೆಸುವಾಗ ಮೊದಲು ನೀರು, ಆಮೇಲೆ ಔಷಧಿ. ತಿರುಗಾಮುರುಗಾ ಮಾಡಿದರೆ ಬಾಟಲಿ ತುಂಬಾ ನೊರೆ. ಬಾಟಲಿ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ಇದನ್ನು ತುಂಬಬೇಡಿ. ನೀಲಿ ಬಣ್ಣ ನೋಡಿ ಮಕ್ಕಳು ಜ್ಯೂಸ್ ಅಂದುಕೊಂಡಾರು.

ಒರೆಸುವುದು ನೆರಳಿನಲ್ಲಿ, ಗ್ಲಾಸು ತಣ್ಣಗಿರುವಾಗ. ಬಿಸಿಲಲ್ಲಿ ಬಟ್ಟೆ ಮುಟ್ಟುವ ಮೊದಲೇ ಆರಿಬಿಡುತ್ತದೆ. ಮೈಕ್ರೋಫೈಬರ್ ಬಟ್ಟೆ ಎರಡು ಬೇಕು. ಒಂದು ಕೊಳೆ ಎತ್ತಲು, ಇನ್ನೊಂದು ಒಣಗಿದ್ದು, ಕೊನೆಯ ಕೈಗೆ. ಬಟ್ಟೆ ಒಗೆಯುವಾಗ ಕಂಫರ್ಟ್ ತರಹದ ಫ್ಯಾಬ್ರಿಕ್ ಕಂಡಿಷನರ್ ಹಾಕಬಾರದು, ಅದರ ಜಿಡ್ಡು ಗ್ಲಾಸಿಗೆ ಬರುತ್ತದೆ. ಹೊರಗೆ ಮೇಲಿಂದ ಕೆಳಕ್ಕೆ, ಒಳಗೆ ಎಡದಿಂದ ಬಲಕ್ಕೆ ಒರೆಸುತ್ತೇನೆ. ಗೆರೆ ಉಳಿದರೆ ಯಾವ ಕಡೆಯದು ಅಂತ ತಕ್ಷಣ ಗೊತ್ತಾಗುತ್ತದೆ. ಸುಮ್ನೆ ಒಳಗೊಂದು ಸಲ ಹೊರಗೊಂದು ಸಲ ಪರದಾಡುವುದು ತಪ್ಪಿತು.

ನಿಜವಾದ ಕಾಟ ಒಳಗಿನದೇ. ಬಿಸಿಲಿಗೆ ನಿಂತ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಆವಿ ಎದ್ದು ಮುಂದಿನ ಗ್ಲಾಸಿಗೆ ಎಣ್ಣೆ ಪೊರೆ ಕಟ್ಟುತ್ತದೆ. ಮೇಲಿಂದ ಡ್ಯಾಶ್‌ಬೋರ್ಡ್ ಪಾಲಿಶ್ ಹಾಕಿದರೆ ಕೇಳಲೇಬೇಡಿ. ಇದಕ್ಕೆ 1:40 ಸಾಲದು. ಹದಿನೈದು ದಿನಕ್ಕೊಮ್ಮೆ ಒಳಗೆ 1:10 ಹಾಕಿ ಒರೆಸಿ, ಅದರ ಮೇಲೆ 1:40 ಹಾಕಿ ಇನ್ನೊಂದು ಕೈ. ಸ್ಪ್ರೇ ಗ್ಲಾಸಿಗಲ್ಲ, ಬಟ್ಟೆಗೆ ಹೊಡೆಯುತ್ತೇನೆ. ಇಲ್ಲದಿದ್ದರೆ ಸ್ವಿಚ್, ಸ್ಪೀಕರ್ ಮೇಲೆಲ್ಲ ಹನಿ. ಮೂಲೆಗೆ ಕೈ ಹೋಗುವುದಿಲ್ಲ, ಮಗನ ಸ್ಕೇಲಿಗೆ ಬಟ್ಟೆ ಸುತ್ತಿ ತೂರಿಸುತ್ತೇನೆ.

ಇಷ್ಟೆಲ್ಲ ಕಲಿತ ಮೇಲೂ ಒಂದು ಬುದ್ಧಿವಂತಿಕೆ ಮಾಡಿದೆ. ಉಳಿದ 1:10 ವೇಸ್ಟ್ ಆಗುತ್ತದಲ್ಲ ಅಂತ ವೈಪರ್ ಟ್ಯಾಂಕಿಗೆ ಸುರಿದೆ. ಬೆಳಗಿನ ಜಾವ ಮೂರೂವರೆ, ಹೆಬ್ಬಾಳದ ಹತ್ತಿರ ತುಂತುರು ಮಳೆ, ವಾಷರ್ ಒತ್ತಿದೆ. ಗ್ಲಾಸಿನ ತುಂಬ ಬಿಳಿ ನೊರೆ. ವೈಪರ್ ಓಡಿದಷ್ಟೂ ಹೆಚ್ಚಾಯಿತು. ಗಾಡಿ ಪಕ್ಕಕ್ಕೆ ಹಾಕಿ ನೀರಿನ ಬಾಟಲಿ ಹುಡುಕುತ್ತಿದ್ದರೆ, ಹಿಂದೆ ಕೂತಿದ್ದ ಪ್ಯಾಸೆಂಜರ್ ನಿದ್ದೆಗಣ್ಣಲ್ಲೇ ಕೇಳಿದರು: "ಏನಪ್ಪಾ, ಗಾಡಿಗೆ ಶೇವಿಂಗ್ ಮಾಡಿಸ್ತಾ ಇದ್ದೀಯಾ?"